ಎಲ್ಲವೂ 'ಅರ್ಜೆಂಟ್' ಆದರೆ ಮೊದಲು ಯಾವುದು? ಸೇನಾ ಜಾಲಗಳ ಮುಂದಿರುವ ಹಳೆಯ ಪ್ರಶ್ನೆ

ಮುಂಬೈ, ಪುಣೆ, ದೆಹಲಿಗಳಲ್ಲಿ ದಶಕಗಳಿಂದ ನೆಲೆಸಿರುವ ಕನ್ನಡಿಗರಿಗೆ ಟ್ರಂಕ್ ಕಾಲ್ ನೆನಪಿರಲೇಬೇಕು. ಊರಿಗೆ ಮಾತಾಡಬೇಕೆಂದರೆ ಎಕ್ಸ್‌ಚೇಂಜಿಗೆ ಹೇಳಿ ಕಾಲ್ ಬುಕ್ ಮಾಡಬೇಕಿತ್ತು. ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂದು ಮೂರು ದರ್ಜೆ. ಆರ್ಡಿನರಿ ಬುಕ್ ಮಾಡಿದವರು ಬೆಳಿಗ್ಗೆಯಿಂದ ಸಂಜೆವರೆಗೂ ಫೋನಿನ ಪಕ್ಕ ಕೂತಿರಬೇಕಾಗುತ್ತಿತ್ತು. ಲೈಟ್ನಿಂಗ್ ಎಂದವರಿಗೆ ಲೈನ್ ಬೇಗ ಸಿಗುತ್ತಿತ್ತು, ಆದರೆ ದರ ಹಲವು ಪಟ್ಟು. ಹಾಗಾಗಿ ಹಬ್ಬದ ಶುಭಾಶಯಕ್ಕೆ ಯಾರೂ ಲೈಟ್ನಿಂಗ್ ಕಾಲ್ ಮಾಡುತ್ತಿರಲಿಲ್ಲ. ಊರಲ್ಲಿ ಸಾವೋ ಆಸ್ಪತ್ರೆಯೋ ಆದಾಗ ಮಾತ್ರ ಆ ಪದ ಬಾಯಿಗೆ ಬರುತ್ತಿತ್ತು.

ಸೇನೆಗಳ ಸಂಪರ್ಕ ಜಾಲದಲ್ಲೂ ಇರುವುದು ಇದೇ ಪ್ರಶ್ನೆ. ದಾರಿ ಒಂದು, ಕಾಯುತ್ತಿರುವ ಸಂದೇಶಗಳು ನೂರಾರು. ಮೊದಲು ಯಾವುದು ಹೋಗಬೇಕು? ಆದರೆ ಒಂದು ದೊಡ್ಡ ವ್ಯತ್ಯಾಸವಿದೆ. ಅಲ್ಲಿ ದರ ಎಂಬುದಿಲ್ಲ. 'ಅತಿ ತುರ್ತು' ಎಂದು ಗುರುತು ಹಾಕುವ ಅಧಿಕಾರಿಯ ಜೇಬಿನಿಂದ ಒಂದು ಪೈಸೆಯೂ ಖರ್ಚಾಗುವುದಿಲ್ಲ. ಕಳೆದ ಎಂಬತ್ತು ವರ್ಷಗಳಲ್ಲಿ ಸೇನಾ ಸಂಪರ್ಕ ವ್ಯವಸ್ಥೆಗಳು ಎಡವಿದ್ದನ್ನು ಒಂದೊಂದಾಗಿ ನೋಡಿದರೆ, ತಂತ್ರಜ್ಞಾನದಷ್ಟೇ ದೊಡ್ಡ ಪಾಲು ಈ ಒಂದು ಸಂಗತಿಯದು.

ಈಗ ಇದನ್ನು ಮಾತಾಡಲು ಕಾರಣವಿದೆ. 2025ರ ಮೇ ತಿಂಗಳ ಆಪರೇಷನ್ ಸಿಂಧೂರ ವೇಳೆ ಒಂದೇ ರಾತ್ರಿ 36 ಸ್ಥಳಗಳತ್ತ 300ರಿಂದ 400 ಡ್ರೋನ್‌ಗಳು ಬಂದವು ಎಂದು ಸರ್ಕಾರವೇ ಹೇಳಿತ್ತು. ಅದೇ ವರ್ಷದ ನವೆಂಬರ್ 2ರಂದು ನೌಕಾಪಡೆಗಾಗಿ 4,410 ಕೆ.ಜಿ. ತೂಕದ ಸಂಪರ್ಕ ಉಪಗ್ರಹ ಸಿಎಂಎಸ್-03 ಶ್ರೀಹರಿಕೋಟಾದಿಂದ ಹಾರಿತು. ಮೂರೂ ಪಡೆಗಳನ್ನು ಒಂದೇ ಕಮಾಂಡ್ ಅಡಿ ತರುವ 'ಥಿಯೇಟರ್ ಕಮಾಂಡ್' ಚರ್ಚೆ ವರ್ಷಗಳಿಂದ ನಡೆದಿದೆ. ಪಡೆಗಳು ಒಂದಾದರೆ ಅವುಗಳ ಜಾಲವೂ ಒಂದಾಗಬೇಕು. ಜಾಲ ಒಂದಾದಾಗ ಕ್ಯೂ ಕೂಡ ಒಂದೇ ಆಗುತ್ತದೆ.

ಮೋಟಾರ್ ಸೈಕಲ್ಲಿನಲ್ಲಿ ಬಂದ ಎಚ್ಚರಿಕೆ

1941ರ ಡಿಸೆಂಬರ್ 7, ವಾಷಿಂಗ್ಟನ್. ಜಪಾನಿನ ರಹಸ್ಯ ಸಂದೇಶಗಳನ್ನು ಭೇದಿಸಿ ಓದಿದ ಅಮೆರಿಕಕ್ಕೆ ಅಂದು ಮಧ್ಯಾಹ್ನ ಏನೋ ಆಗಲಿದೆ ಎಂಬ ಸುಳಿವು ಸಿಕ್ಕಿತ್ತು. ಸೇನಾ ಮುಖ್ಯಸ್ಥ ಜನರಲ್ ಜಾರ್ಜ್ ಮಾರ್ಷಲ್ ಪೆಸಿಫಿಕ್‌ನ ತುಕಡಿಗಳಿಗೆ ಎಚ್ಚರಿಕೆ ಬರೆದರು. ಮೇಜಿನ ಮೇಲೆ ಫೋನ್ ಇತ್ತು; ಯಾರಾದರೂ ಕದ್ದು ಕೇಳಬಹುದೆಂದು ಅವರು ಅದನ್ನು ಬಳಸಲಿಲ್ಲ. ಸೇನೆಯ ಸ್ವಂತ ರೇಡಿಯೊಗೆ ಅಂದು ಹವಾಮಾನದ ಕಾರಣ ಹೊನೊಲುಲು ಸಿಗುತ್ತಿರಲಿಲ್ಲ. ಸಂಕೇತ ವಿಭಾಗದವರು ಅದನ್ನು ವೆಸ್ಟರ್ನ್ ಯೂನಿಯನ್ ಎಂಬ ಖಾಸಗಿ ತಂತಿ ಕಂಪನಿಗೆ ಕೊಟ್ಟರು. ಸ್ಯಾನ್ ಫ್ರಾನ್ಸಿಸ್ಕೊದಿಂದ ಮುಂದೆ ಆರ್‌ಸಿಎ ಕಂಪನಿಯ ರೇಡಿಯೊ.

ಹೊನೊಲುಲುವಿನ ಆರ್‌ಸಿಎ ಕಚೇರಿಗೆ ಅದು ತಲುಪಿದ್ದು ಅಲ್ಲಿನ ಸಮಯ ಬೆಳಿಗ್ಗೆ 7.33ಕ್ಕೆ. ಬಾಂಬ್ ಬೀಳಲು ಇನ್ನೂ ಕೆಲವು ನಿಮಿಷ ಬಾಕಿ ಇತ್ತು. ಲಕೋಟೆಯ ಮೇಲೆ ತುರ್ತು ಎಂಬ ಗುರುತೇ ಇರಲಿಲ್ಲ. ಹಾಗಾಗಿ ಅದು ಉಳಿದ ತಂತಿಗಳ ಜತೆ ಸರದಿಯಲ್ಲಿ ಕೂತಿತು. ಮೋಟಾರ್ ಸೈಕಲ್ಲಿನಲ್ಲಿ ಅದನ್ನು ಒಯ್ಯುತ್ತಿದ್ದ ಹುಡುಗ ದಾಳಿಯ ನಡುವೆಯೇ ದಾರಿ ಹುಡುಕಿಕೊಂಡು ಹೋದ. ಸಿಗ್ನಲ್ ಕಚೇರಿಗೆ ಮುಟ್ಟಿದಾಗ ಮಧ್ಯಾಹ್ನ ಸಮೀಪಿಸಿತ್ತು. ಸಂಕೇತ ಬಿಡಿಸಿ ಅಧಿಕಾರಿಯ ಕೈಗೆ ಕೊಡುವಾಗ ಸುಮಾರು 3 ಗಂಟೆ. ಪರ್ಲ್ ಹಾರ್ಬರ್ ಅಷ್ಟರಲ್ಲಿ ಉರಿದುಹೋಗಿತ್ತು.

ಆ ಸಂದೇಶ ಸಮಯಕ್ಕೆ ಸಿಕ್ಕಿದ್ದರೂ ಎಷ್ಟು ಉಪಯೋಗವಾಗುತ್ತಿತ್ತೋ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇಂದಿಗೂ ಇದೆ. ನಮಗಿಲ್ಲಿ ಬೇಕಾದದ್ದು ಬೇರೆ. ಬರೆದವರಿಗೆ ಇದು ತುರ್ತು ಎಂದು ಗೊತ್ತಿತ್ತು. ಆದರೆ ಆ ತಿಳಿವಳಿಕೆ ಸಂದೇಶದ ಜತೆ ಪ್ರಯಾಣ ಮಾಡಲಿಲ್ಲ. ನಡುವಿನ ಗುಮಾಸ್ತನಿಗೆ, ಕೊನೆಯ ಹುಡುಗನಿಗೆ ಅದೊಂದು ಸಾಮಾನ್ಯ ಲಕೋಟೆ.

ಕೆಂಪು ಗುಂಡಿಗಳ ಫೋನು

ಇಂಥ ಅನುಭವಗಳಿಂದ ಪಾಶ್ಚಾತ್ಯ ಸೇನೆಗಳಲ್ಲಿ ಗಟ್ಟಿಯಾಗಿ ನಿಂತದ್ದು ನಾಲ್ಕು ದರ್ಜೆಗಳ ಪದ್ಧತಿ. ಮೇಲಿನಿಂದ ಕೆಳಕ್ಕೆ ಫ್ಲ್ಯಾಷ್, ಇಮಿಡಿಯೇಟ್, ಪ್ರಯಾರಿಟಿ, ರೊಟೀನ್. ಫ್ಲ್ಯಾಷ್ ಎಂದರೆ ಶತ್ರು ಕಣ್ಣೆದುರು ಬಂದಾಗಿನ ಸುದ್ದಿ, ಹತ್ತು ನಿಮಿಷದೊಳಗೆ ತಲುಪಿಸುವ ಗುರಿ. ಇಮಿಡಿಯೇಟ್‌ಗೆ ಅರ್ಧದಿಂದ ಒಂದು ಗಂಟೆ. ಪ್ರಯಾರಿಟಿಗೆ ಒಂದರಿಂದ ಆರು ಗಂಟೆ. ರೊಟೀನ್ ನಾಳೆ ಬೆಳಿಗ್ಗೆ ಹೋದರೂ ನಡೆಯುತ್ತದೆ. ಗಮನಿಸಿ, 'ಪ್ರಯಾರಿಟಿ' ಎಂಬುದು ಇಲ್ಲಿ ಕೆಳಗಿನಿಂದ ಎರಡನೆಯದು. ಪದಗಳು ಸವೆದು ಹೋಗುತ್ತವೆ ಎಂಬುದಕ್ಕೆ ಇದೇ ಒಂದು ಸಾಕ್ಷಿ.

1962ರ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟು ಇನ್ನೊಂದು ಪೆಟ್ಟು ಕೊಟ್ಟಿತು. ಅಕ್ಟೋಬರ್ 26ರಂದು ಕ್ರುಶ್ಚೇವ್ ಕೆನಡಿಗೆ ಕಳಿಸಿದ ದೀರ್ಘ ಪತ್ರ ಮಾಸ್ಕೊದ ಅಮೆರಿಕ ರಾಯಭಾರ ಕಚೇರಿಯಿಂದ ತುಂಡು ತುಂಡಾಗಿ ವಾಷಿಂಗ್ಟನ್‌ಗೆ ಬಂದು ಸೇರಲು ಸುಮಾರು ಹನ್ನೆರಡು ಗಂಟೆ ಹಿಡಿಯಿತು. ಅತ್ತ ಸೋವಿಯತ್ ರಾಯಭಾರಿ ಅನಾತೊಲಿ ದೊಬ್ರಿನಿನ್ ತಮ್ಮ ಸರ್ಕಾರಕ್ಕೆ ಬರೆದ ಅತಿ ಗುಪ್ತ ಸಂದೇಶಗಳನ್ನು ಸೈಕಲ್ಲಿನಲ್ಲಿ ಬರುವ ವೆಸ್ಟರ್ನ್ ಯೂನಿಯನ್ ಹುಡುಗನ ಕೈಗೆ ಕೊಡುತ್ತಿದ್ದರು. ದಾರಿಯಲ್ಲಿ ಆತ ಎಲ್ಲೂ ನಿಲ್ಲದೆ ಹೋಗಲಿ ಎಂದು ಹಾರೈಸುವುದಷ್ಟೇ ತಮಗೆ ಉಳಿದಿತ್ತು ಎಂಬ ಅರ್ಥದಲ್ಲಿ ಅವರು ಮುಂದೆ ನೆನಪಿಸಿಕೊಂಡಿದ್ದಾರೆ. ಮರುವರ್ಷ ವಾಷಿಂಗ್ಟನ್–ಮಾಸ್ಕೊ ಹಾಟ್‌ಲೈನ್ ಬಂದದ್ದು ಇದರ ಫಲ. ಅದು ಫೋನ್ ಆಗಿರಲಿಲ್ಲ, ಟೆಲಿಪ್ರಿಂಟರ್.

ಅದೇ ದಶಕದಲ್ಲಿ ಅಮೆರಿಕ ಸೇನೆ 'ಆಟೊವಾನ್' ಎಂಬ ತನ್ನದೇ ದೂರವಾಣಿ ಜಾಲ ಕಟ್ಟಿತು. ಅದರ ಫೋನುಗಳಲ್ಲಿ ಹನ್ನೆರಡರ ಬದಲು ಹದಿನಾರು ಗುಂಡಿ. ಬಲಗಡೆಯ ಹೆಚ್ಚುವರಿ ಸಾಲಿನಲ್ಲಿ ನಾಲ್ಕು ಕೆಂಪು ಗುಂಡಿಗಳು. ನಂಬರಿಗೆ ಮೊದಲು ಅದರಲ್ಲೊಂದನ್ನು ಒತ್ತಿದರೆ ಕರೆಗೆ ಆ ದರ್ಜೆ. ಲೈನ್ ಖಾಲಿ ಇಲ್ಲದಿದ್ದರೆ ಕೆಳದರ್ಜೆಯವರ ಮಾತನ್ನು ಯಂತ್ರವೇ ಕಡಿದುಹಾಕಿ ಮೇಲಿನವರಿಗೆ ದಾರಿ ಮಾಡಿಕೊಡುತ್ತಿತ್ತು. ತುತ್ತತುದಿಯಲ್ಲಿ 'ಫ್ಲ್ಯಾಷ್ ಓವರ್‌ರೈಡ್'. ಅದು ಅಧ್ಯಕ್ಷರು, ರಕ್ಷಣಾ ಕಾರ್ಯದರ್ಶಿ ಮತ್ತು ಬೆರಳೆಣಿಕೆಯ ಸೇನಾನಾಯಕರಿಗೆ ಮಾತ್ರ.

ಇಲ್ಲಿ ಒಂದು ಮುಖ್ಯ ಅಂಶವಿದೆ. ಗುಂಡಿ ಎಲ್ಲರ ಫೋನಿನಲ್ಲೂ ಕಾಣಬಹುದು, ಆದರೆ ಯಾವ ಫೋನಿನಿಂದ ಯಾವ ಗುಂಡಿ ಕೆಲಸ ಮಾಡಬೇಕೆಂಬುದನ್ನು ಎಕ್ಸ್‌ಚೇಂಜ್ ತೀರ್ಮಾನಿಸುತ್ತಿತ್ತು. ಟ್ರಂಕ್ ಕಾಲ್‌ನಲ್ಲಿ ದರ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಪದವಿ ಮಾಡುತ್ತಿತ್ತು. ಜತೆಗೆ 'ಮಿನಿಮೈಸ್' ಎಂಬ ಇನ್ನೊಂದು ಆಜ್ಞೆ ಇತ್ತು. ಅದು ಹೊರಟಿತೆಂದರೆ ಆ ಪ್ರದೇಶಕ್ಕೆ ಸಂಬಂಧಿಸಿದ ಅನಗತ್ಯ ಸಂದೇಶಗಳನ್ನು ಯಾರೂ ಕಳಿಸುವಂತಿಲ್ಲ. ಕ್ಯೂ ವಿಂಗಡಿಸುವುದಕ್ಕಿಂತ ಕ್ಯೂಗೆ ಬರುವವರನ್ನೇ ಕಡಿಮೆ ಮಾಡುವ ಉಪಾಯ. ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಜಾಣತನದ ಭಾಗ ಇದೇ.

ಇಷ್ಟಾದರೂ ಎಡವಿದರು. 1967ರ ಜೂನ್ 8, ಅರಬ್–ಇಸ್ರೇಲ್ ಯುದ್ಧದ ನಾಲ್ಕನೇ ದಿನ. ಸಿನಾಯ್ ತೀರದ ಬಳಿ ಅಮೆರಿಕದ ಬೇಹುಗಾರಿಕೆ ಹಡಗು 'ಲಿಬರ್ಟಿ' ಇತ್ತು. ತೀರದಿಂದ ದೂರ ಸರಿಯಿರಿ ಎಂದು ಅದಕ್ಕೆ ಮೇಲಿನಿಂದ ಒಂದರ ಹಿಂದೆ ಒಂದು ಸಂದೇಶ ಹೊರಟಿತ್ತು. ದಾಳಿಗೆ ಮುಂಚೆ ಒಂದೂ ತಲುಪಲಿಲ್ಲ. ಮೆಡಿಟರೇನಿಯನ್‌ಗೆ ಹೋಗಬೇಕಾದದ್ದು ಫಿಲಿಪ್ಪೀನ್ಸ್ ಕಡೆಗೆ ದಾರಿ ತಪ್ಪಿತ್ತು. ಇಸ್ರೇಲಿ ವಿಮಾನಗಳು ಮತ್ತು ಟಾರ್ಪಿಡೊ ದೋಣಿಗಳ ದಾಳಿಯಲ್ಲಿ 34 ಮಂದಿ ಸತ್ತರು, 171 ಮಂದಿ ಗಾಯಗೊಂಡರು. ಗುರುತು ತಪ್ಪಿ ದಾಳಿ ಮಾಡಿದೆವು ಎಂದು ಇಸ್ರೇಲ್ ಹೇಳಿತು. ಸಂದೇಶಗಳು ಎಲ್ಲಿ ಸಿಕ್ಕಿಬಿದ್ದವು ಎಂಬುದನ್ನು ಅಮೆರಿಕ ಸಂಸತ್ತಿನ ಉಪಸಮಿತಿಯೊಂದು ಪರಿಶೀಲಿಸಿ 1971ರಲ್ಲಿ ರಕ್ಷಣಾ ಇಲಾಖೆಯನ್ನು ತೀಕ್ಷ್ಣವಾಗಿ ಟೀಕಿಸಿತು.

ದರ್ಜೆ ಹಚ್ಚಿದ ಮಾತ್ರಕ್ಕೆ ಸಂದೇಶ ಓಡುವುದಿಲ್ಲ. ದಾರಿಯುದ್ದಕ್ಕೂ ಪ್ರತಿ ರಿಲೇ ಕೇಂದ್ರ ಆ ದರ್ಜೆಯನ್ನು ಗೌರವಿಸಬೇಕು, ವಿಳಾಸ ಸರಿ ಇರಬೇಕು. ಎಲ್ಲಕ್ಕಿಂತ ಮಿಗಿಲಾಗಿ ಕ್ಯೂ ಸಣ್ಣದಿರಬೇಕು. ವಿಯೆಟ್ನಾಂ ಯುದ್ಧಕಾಲದಲ್ಲಿ ಆಗಿದ್ದು ಇದರ ಉಲ್ಟಾ. ತಂತಿ, ರೇಡಿಯೊ, ಉಪಗ್ರಹ ಹೆಚ್ಚಿದಂತೆ ವರದಿ ಕೇಳುವವರೂ ಹೆಚ್ಚಿದರು. ರೊಟೀನ್ ಎಂದು ಕಳಿಸಿದರೆ ತಲುಪುವುದೇ ಇಲ್ಲ ಎಂಬ ಭಯದಲ್ಲಿ ಕಳಿಸುವವರು ಒಂದು ದರ್ಜೆ ಮೇಲೆ ಗುರುತು ಹಾಕತೊಡಗಿದರು. ಎಲ್ಲರೂ ಹಾಗೆ ಮಾಡಿದಾಗ ಯಾರಿಗೂ ಲಾಭವಿಲ್ಲ. ಹಣದುಬ್ಬರದಲ್ಲಿ ನೋಟಿಗೆ ಆಗುವ ಗತಿಯೇ ಇಲ್ಲಿ 'ತುರ್ತು' ಎಂಬ ಗುರುತಿಗೆ ಆಯಿತು. ನಮ್ಮ ಸರ್ಕಾರಿ ಕಚೇರಿಗಳ ಕಡತಗಳ ಮೇಲಿನ 'ಅತಿ ಜರೂರು' ಚೀಟಿಯನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ.

ನಿಮ್ಮ ಮೊಬೈಲಿನಲ್ಲಿ ಉಳಿದ ಸೇನೆಯ ಗುರುತು

ಇಂಟರ್ನೆಟ್ ಹುಟ್ಟಿದ್ದೇ ಅಮೆರಿಕದ ರಕ್ಷಣಾ ಸಂಶೋಧನೆಯ ಹಣದಿಂದ. ಹಾಗಾಗಿ 1981ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಇಂಟರ್ನೆಟ್ ಪ್ರೊಟೊಕಾಲ್‌ನ ಮೂಲ ದಾಖಲೆಯಲ್ಲಿ ಈ ದರ್ಜೆಗಳು ಹಾಗೆಯೇ ಇಳಿದಿವೆ. ಪ್ರತಿ ಡೇಟಾ ಪ್ಯಾಕೆಟ್‌ನ ತಲೆಬರಹದಲ್ಲಿ ಮೂರು ಬಿಟ್‌ಗಳ ಜಾಗ ಮೀಸಲು. ರೊಟೀನ್, ಪ್ರಯಾರಿಟಿ, ಇಮಿಡಿಯೇಟ್, ಫ್ಲ್ಯಾಷ್, ಫ್ಲ್ಯಾಷ್ ಓವರ್‌ರೈಡ್ ಎಂಬ ಅವೇ ಹೆಸರುಗಳು. ಜಾಲದ ನಿರ್ವಹಣೆಗೆ ಬೇಕಾದವೂ ಸೇರಿ ಒಟ್ಟು ಎಂಟು ಹಂತ. 1998ರಲ್ಲಿ ಆ ಜಾಗವನ್ನು ಆರು ಬಿಟ್‌ಗೆ ಹಿಗ್ಗಿಸಿ ಹೊಸ ಅರ್ಥ ಕೊಟ್ಟರು. ಈಗ ಅಲ್ಲಿ 64 ಬಗೆಯ ಗುರುತು ಸಾಧ್ಯ. ನೀವು ವಾಟ್ಸ್ಯಾಪ್‌ನಲ್ಲಿ ಕಳಿಸುವ ಸುಪ್ರಭಾತ ಚಿತ್ರದ ಪ್ಯಾಕೆಟ್‌ನಲ್ಲೂ ಆ ಜಾಗ ಇರುತ್ತದೆ.

ಆದರೂ ಸಾರ್ವಜನಿಕ ಇಂಟರ್ನೆಟ್‌ನಲ್ಲಿ ಅದನ್ನು ಬಹುಮಟ್ಟಿಗೆ ಯಾರೂ ಕೇಳುವುದಿಲ್ಲ. ಯಾರು ಬೇಕಾದರೂ ತಮ್ಮ ಪ್ಯಾಕೆಟ್‌ಗೆ ತಾವೇ ಮೇಲಿನ ದರ್ಜೆ ಬರೆದುಕೊಳ್ಳಬಹುದಾದ್ದರಿಂದ ಒಂದು ಕಂಪನಿಯ ಜಾಲ ಇನ್ನೊಂದರ ಗುರುತನ್ನು ನಂಬುವುದಿಲ್ಲ. ಗಡಿಯಲ್ಲೇ ಅಳಿಸಿಹಾಕುವವರೇ ಹೆಚ್ಚು. ಗುರುತಿನ ಹಿಂದೆ ದರವೂ ಇಲ್ಲ, ಪದವಿಯೂ ಇಲ್ಲ ಎಂದಾದಾಗ ಅದರ ಗತಿ ಇಷ್ಟೇ.

ಸೇನೆಯ ಒಳಜಾಲದಲ್ಲಿ ಈ ಗುರುತಿಗೆ ಬೆಲೆ ಇದೆ. ಆದರೆ ಅಲ್ಲಿನ ಕಷ್ಟವೇ ಬೇರೆ. ಆಟೊವಾನ್ ಕಾಲದಲ್ಲಿ ಒಂದು ಕರೆ ಕಡಿದರೆ ಒಂದು ಲೈನ್ ಖಾಲಿಯಾಗುತ್ತಿತ್ತು, ಲೆಕ್ಕ ಸರಳ. ಪ್ಯಾಕೆಟ್ ಜಾಲದಲ್ಲಿ ಧ್ವನಿ, ವಿಡಿಯೊ, ನಕ್ಷೆ, ಇಮೇಲ್, ಸಾಫ್ಟ್‌ವೇರ್ ಅಪ್‌ಡೇಟ್ ಎಲ್ಲವೂ ಒಂದೇ ಕೊಳವೆಯಲ್ಲಿ ಹರಿಯುತ್ತವೆ. ಟೋಲ್ ಗೇಟಿನಲ್ಲಿ ಆಂಬ್ಯುಲೆನ್ಸ್‌ಗೆ ಬೇರೆ ಲೇನ್ ಬಿಟ್ಟ ಹಾಗೆ ರೂಟರ್ ಒಳಗೆ ಬೇರೆ ಬೇರೆ ಕ್ಯೂಗಳನ್ನು ಮಾಡಬಹುದು. ಹಾಗೆ ಮಾಡಿದಾಗ ರಸ್ತೆ ಅಗಲವಾಗುವುದಿಲ್ಲ. ಯಾರು ಕಾಯಬೇಕೆಂದು ಮಾತ್ರ ತೀರ್ಮಾನವಾಗುತ್ತದೆ. ಆಂಬ್ಯುಲೆನ್ಸ್‌ಗಳೇ ನೂರು ಬಂದರೆ ಆ ಲೇನ್ ಕೂಡ ನಿಂತುಹೋಗುತ್ತದೆ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಬೆಟ್ಟದ ತುದಿಯ ತುಕಡಿಯೊಂದು ಹೈ ಫ್ರೀಕ್ವೆನ್ಸಿ ರೇಡಿಯೊದಲ್ಲಿ ಸೆಕೆಂಡಿಗೆ 2,400 ಬಿಟ್ ಕಳಿಸಬಲ್ಲದು ಎಂದಿಟ್ಟುಕೊಳ್ಳಿ. ಶತ್ರು ಎಲ್ಲಿದ್ದಾನೆಂದು ತಿಳಿಸುವ 200 ಅಕ್ಷರದ ಇಂಗ್ಲಿಷ್ ಸಂದೇಶಕ್ಕೆ ಒಂದು ಸೆಕೆಂಡೂ ಬೇಡ. ಅದೇ ರೇಡಿಯೊದಲ್ಲಿ 1 ಎಂಬಿ ಗಾತ್ರದ ಒಂದು ಫೋಟೊ ಕಳಿಸಲು ಸುಮಾರು 55 ನಿಮಿಷ ಬೇಕು. ಫೋಟೊ ಮೊದಲು ಹೊರಟು, ಅದನ್ನು ನಡುವೆ ತಡೆಯುವ ವ್ಯವಸ್ಥೆ ಇಲ್ಲದಿದ್ದರೆ ಆ ಸಣ್ಣ ಸಂದೇಶ ಒಂದು ಗಂಟೆ ಹಿಂದೆ ಬೀಳುತ್ತದೆ. ತಡೆಯುವ ವ್ಯವಸ್ಥೆ ಇದ್ದರೂ, ಆಗಲೇ ಹೊರಟ 1,500 ಬೈಟ್‌ನ ಒಂದೇ ಒಂದು ಪ್ಯಾಕೆಟ್ ಮುಗಿಯುವವರೆಗೆ ಐದು ಸೆಕೆಂಡ್ ಕಾಯಲೇಬೇಕು. ಕ್ಷಿಪಣಿಯ ಎಚ್ಚರಿಕೆಗೆ ಐದು ಸೆಕೆಂಡ್ ಸಣ್ಣದಲ್ಲ.

ಯುದ್ಧದಲ್ಲಿ ನಿರ್ಣಾಯಕವಾದ ಮಾಹಿತಿ ಗಾತ್ರದಲ್ಲಿ ಸಾಮಾನ್ಯವಾಗಿ ಪುಟ್ಟದು: ಒಂದು ಅಕ್ಷಾಂಶ–ರೇಖಾಂಶ, ಒಂದು ವೇಗ, 'ನಮ್ಮವರು' ಅಥವಾ 'ಅವರು' ಎಂಬ ಒಂದು ಪದ. ಕೊಳವೆಯನ್ನು ತುಂಬಿಸುವುದು ಡ್ರೋನ್ ವಿಡಿಯೊ, ಹಿರಿಯ ಅಧಿಕಾರಿಗಳ ವಿಡಿಯೊ ಕಾನ್ಫರೆನ್ಸ್, ಪವರ್‌ಪಾಯಿಂಟ್ ಸ್ಲೈಡ್‌ಗಳು. ಇವುಗಳನ್ನು ಬೇಡುವವರ ಪದವಿ ದೊಡ್ಡದು, ಹಾಗಾಗಿ ಅವಕ್ಕೆ ಸಿಗುವ ದರ್ಜೆಯೂ ದೊಡ್ಡದಾಗುವ ಅಪಾಯವಿದೆ. ಪದವಿ ಮತ್ತು ತುರ್ತು ಒಂದೇ ಅಲ್ಲ ಎಂದು ಜನರಲ್ ಒಬ್ಬರ ಎದುರು ಹೇಳುವ ಕೆಲಸ ಯಾವ ಸಿಗ್ನಲ್ ಅಧಿಕಾರಿಗೂ ಸುಲಭದ್ದಲ್ಲ.

1991ರ ಕೊಲ್ಲಿ ಯುದ್ಧದಲ್ಲಿ ವಾಯುದಾಳಿಯ ದಿನಚರಿ ಆದೇಶ ನೂರಾರು ಪುಟಗಳಷ್ಟು ಉದ್ದವಿರುತ್ತಿತ್ತು. ವಿಮಾನವಾಹಕ ಹಡಗುಗಳಿಗೆ ಅದನ್ನು ಎಲೆಕ್ಟ್ರಾನಿಕ್ ಆಗಿ ಸಮಯಕ್ಕೆ ಸರಿಯಾಗಿ ಕಳಿಸಲು ಆಗದೆ ಕೊನೆಗೆ ವಿಮಾನದಲ್ಲಿ ಹಾಕಿ ಹಡಗಿಗೆ ಒಯ್ದರು. 2003ರ ಇರಾಕ್ ಆಕ್ರಮಣದಲ್ಲಿ ಬಾಗ್ದಾದ್ ಬಳಿ ಯೂಫ್ರೆಟಿಸ್ ನದಿಯ ಸೇತುವೆಯೊಂದನ್ನು ಹಿಡಿದ ಅಮೆರಿಕದ ಟ್ಯಾಂಕ್ ತುಕಡಿಗೆ ರಾತ್ರಿ ತನ್ನ ಮೇಲೆ ನುಗ್ಗಿಬಂದ ದೊಡ್ಡ ಪ್ರತಿದಾಳಿಯ ಬಗ್ಗೆ ಸರಿಯಾದ ಮುನ್ಸೂಚನೆಯೇ ಇರಲಿಲ್ಲ. ಮೇಲಿನ ಕಮಾಂಡ್ ಕೇಂದ್ರಗಳಲ್ಲಿ ಸೆನ್ಸರ್, ಉಪಗ್ರಹ, ದೊಡ್ಡ ಪರದೆ ಎಲ್ಲ ಇದ್ದವು. ಓಡುತ್ತಿರುವ ತುಕಡಿಗಳು ಡೇಟಾ ಪಡೆಯಬೇಕೆಂದರೆ ನಿಂತು ಆಂಟೆನಾ ಎತ್ತಬೇಕಿತ್ತು. ಮೇಲಿರುವವರಿಗೆ ಹೆದ್ದಾರಿ, ಗುಂಡಿನ ಮುಂದೆ ಇರುವವರಿಗೆ ಕಾಲುದಾರಿ. ಇದು ಎಲ್ಲ ಸೇನೆಗಳ ಜಾಲಗಳಿಗೂ ಅಂಟಿಕೊಂಡ ರೋಗ.

ಗುಪ್ತವಾಗಿರಲಿ, ಬೇಗವೂ ಹೋಗಲಿ

ಇನ್ನೊಂದು ಸಿಕ್ಕು ಎನ್‌ಕ್ರಿಪ್ಷನ್‌ನದ್ದು. ಸೇನೆಯ ಡೇಟಾ ಹೊರಗೆ ಹೊರಡುವ ಮುಂಚೆ ಸಂಪೂರ್ಣ ಬೀಗ ಹಾಕಿಕೊಳ್ಳುತ್ತದೆ. ಒಳಗಿನ ತಲೆಬರಹದಲ್ಲಿರುವ ದರ್ಜೆಯ ಗುರುತಿಗೂ ಬೀಗ ಬೀಳುತ್ತದೆ. ದಾರಿಯ ರೂಟರ್‌ಗೆ ಎಲ್ಲವೂ ಒಂದೇ ತರಹದ ಮುಚ್ಚಿದ ಪೆಟ್ಟಿಗೆಗಳಾಗಿ ಕಾಣುತ್ತವೆ. ಪರ್ಲ್ ಹಾರ್ಬರ್‌ನ ಲಕೋಟೆ ನೆನಪಿಸಿಕೊಳ್ಳಿ.

ಪರಿಹಾರವೇನೋ ಇದೆ. ದರ್ಜೆಯ ಗುರುತನ್ನು ಮಾತ್ರ ಪೆಟ್ಟಿಗೆಯ ಹೊರಗೆ ನಕಲು ಮಾಡಿ ಅಂಟಿಸಬಹುದು. ಆಗ ಶತ್ರುವೂ ಅದನ್ನು ಓದಬಹುದು. ಒಳಗೇನಿದೆ ಎಂದು ಗೊತ್ತಾಗದಿದ್ದರೂ, ಮಧ್ಯರಾತ್ರಿ ಒಂದು ನೆಲೆಯಿಂದ ಇದ್ದಕ್ಕಿದ್ದಂತೆ ಅತ್ಯುನ್ನತ ದರ್ಜೆಯ ಪೆಟ್ಟಿಗೆಗಳು ಸಾಲಾಗಿ ಹೊರಟರೆ ಏನೋ ನಡೆಯಲಿದೆ ಎಂದು ಊಹಿಸಲು ಜಾಣತನ ಬೇಕಿಲ್ಲ. ಗುಟ್ಟು ಕಾಯಬೇಕೆಂದರೆ ಸುಳ್ಳು ಪೆಟ್ಟಿಗೆಗಳನ್ನೂ ಕಳಿಸುತ್ತಿರಬೇಕು. ಅದಕ್ಕೆ ಮತ್ತೆ ಕೊಳವೆಯಲ್ಲಿ ಜಾಗ ಬೇಕು. ಎಷ್ಟು ಸೋರಿಕೆ ಸಹಿಸಬಹುದು ಎಂಬುದು ಕೊನೆಗೆ ಇಂಜಿನಿಯರ್ ತೀರ್ಮಾನಿಸುವ ವಿಷಯವಲ್ಲ, ಕಮಾಂಡರ್ ತೀರ್ಮಾನಿಸಬೇಕಾದದ್ದು.

ಕೊಳವೆಯೇ ಬೇರೆಯವರದ್ದಾದರೆ? 2022ರ ಫೆಬ್ರುವರಿ 24ರಂದು ರಷ್ಯಾ ದಾಳಿ ಆರಂಭಿಸಿದ ಹೊತ್ತಿಗೇ ಯುಕ್ರೇನ್ ಬಳಸುತ್ತಿದ್ದ ವಯಾಸ್ಯಾಟ್ ಕಂಪನಿಯ ಕೆಎ-ಸ್ಯಾಟ್ ಉಪಗ್ರಹ ಸೇವೆಯ ಮೋಡೆಮ್‌ಗಳು ಸೈಬರ್ ದಾಳಿಗೆ ಸಿಕ್ಕಿ ನಿಂತುಹೋದವು. ಆಮೇಲೆ ಆಧಾರವಾದದ್ದು ಸ್ಟಾರ್‌ಲಿಂಕ್. ಆದರೆ ಕ್ರಿಮಿಯಾ ಬಳಿ ಸೇವೆ ಚಾಲೂ ಮಾಡಿ ಎಂಬ ಕೋರಿಕೆಗೆ ತಾನು ಒಪ್ಪಲಿಲ್ಲ ಎಂದು ಎಲಾನ್ ಮಸ್ಕ್ 2023ರಲ್ಲಿ ಬಹಿರಂಗವಾಗಿಯೇ ಹೇಳಿದರು. ಅವರ ನಿರ್ಧಾರ ಸರಿಯೋ ತಪ್ಪೋ, ಬಾಡಿಗೆ ಜಾಲದಲ್ಲಿ ಕೊನೆಯ ಆದ್ಯತೆ ಮಾಲೀಕನದ್ದು ಎಂಬುದು ಅಂದು ಎಲ್ಲ ದೇಶಗಳಿಗೂ ತಿಳಿಯಿತು.

ನಮ್ಮಲ್ಲಿ ಹೇಗಿದೆ?

ಈ ಪಾಠವನ್ನು ಭಾರತ ಬೇಗ ಕಲಿತಿದೆ ಎನ್ನಬೇಕು. ವಾಯುಪಡೆಯ ಸ್ವಂತ ಡಿಜಿಟಲ್ ಜಾಲ 'ಆಫ್‌ನೆಟ್' 2010ರ ಸೆಪ್ಟೆಂಬರ್‌ನಲ್ಲೇ ಉದ್ಘಾಟನೆಯಾಯಿತು. ಮೂರೂ ಪಡೆಗಳಿಗೆ ಸೇರಿದ ಡಿಫೆನ್ಸ್ ಕಮ್ಯುನಿಕೇಷನ್ ನೆಟ್‌ವರ್ಕ್‌ಗೆ 2016ರಲ್ಲಿ ಆಗಿನ ರಕ್ಷಣಾ ಸಚಿವ ಮನೋಹರ್ ಪರಿಕ್ಕರ್ ಚಾಲನೆ ಕೊಟ್ಟರು. ಮೊಬೈಲ್ ಕಂಪನಿಗಳಿಗಾಗಿ ಸೇನೆ ಬಿಟ್ಟುಕೊಟ್ಟ ತರಂಗಾಂತರಕ್ಕೆ ಬದಲಾಗಿ ಆಪ್ಟಿಕಲ್ ಫೈಬರ್ ಜಾಲ ಕಟ್ಟಿಕೊಡುವ 'ನೆಟ್‌ವರ್ಕ್ ಫಾರ್ ಸ್ಪೆಕ್ಟ್ರಮ್' ಯೋಜನೆಗೆ ಮೊದಲು 13,334 ಕೋಟಿ ರೂಪಾಯಿ ನಿಗದಿಯಾಗಿತ್ತು. 2018ರಲ್ಲಿ ಕೇಂದ್ರ ಸಂಪುಟ ಅದನ್ನು 24,664 ಕೋಟಿಗೆ ಏರಿಸಿತು. ಕಟ್ಟುವ ಹೊಣೆ ಬಿಎಸ್‌ಎನ್‌ಎಲ್‌ಗೆ. ಆಕಾಶದಲ್ಲಿ ನೌಕಾಪಡೆಗೆ 2013ರ ಜಿಸ್ಯಾಟ್-7, ವಾಯುಪಡೆಗೆ 2018ರ ಜಿಸ್ಯಾಟ್-7ಎ, ಈಗ ಸಿಎಂಎಸ್-03. ಭೂಸ್ಥಿರ ಕಕ್ಷೆಯ ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋದ ಮುಖ್ಯ ಕೇಂದ್ರ ನಮ್ಮ ಹಾಸನದಲ್ಲಿದೆ ಎಂಬುದು ಹೊರನಾಡಿನ ಕನ್ನಡಿಗರಲ್ಲಿ ಅನೇಕರಿಗೆ ಗೊತ್ತಿರಲಾರದು.

ಆಪರೇಷನ್ ಸಿಂಧೂರದಲ್ಲಿ ಎಲ್ಲರ ಬಾಯಲ್ಲಿ ಓಡಾಡಿದ ಎರಡು ಹೆಸರು ಐಎಸಿಸಿಎಸ್ ಮತ್ತು ಆಕಾಶತೀರ್. ಮೊದಲನೆಯದು ವಾಯುಪಡೆಯದು, ಎರಡನೆಯದು ಭೂಸೇನೆಯ ವಾಯುರಕ್ಷಣಾ ವಿಭಾಗದ್ದು. ಎರಡನ್ನೂ ಮಾಡಿದ್ದು ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ಬಿಇಎಲ್. ಆಕಾಶತೀರ್‌ಗಾಗಿ 2023ರ ಮಾರ್ಚ್‌ನಲ್ಲಿ 1,982 ಕೋಟಿ ರೂಪಾಯಿಯ ಒಪ್ಪಂದ ಆಗಿತ್ತು. ಬೇರೆ ಬೇರೆ ರಾಡಾರ್‌ಗಳು ಕಂಡದ್ದನ್ನೆಲ್ಲ ಒಟ್ಟುಗೂಡಿಸಿ ಒಂದೇ ಚಿತ್ರ ಮಾಡಿ, ಯಾವ ಗುರಿಯನ್ನು ಯಾವ ಅಸ್ತ್ರ ಹೊಡೆಯಬೇಕೆಂದು ಹಂಚುವುದು ಇವುಗಳ ಕೆಲಸ. ಇದನ್ನೇ ಹಿಂದೆ ಬಹುಪಾಲು ರೇಡಿಯೊದಲ್ಲಿ ಬಾಯಿಮಾತಿನಲ್ಲಿ ಮಾಡಬೇಕಿತ್ತು.

ನೂರಾರು ಡ್ರೋನ್‌ಗಳು ಒಟ್ಟಿಗೆ ಬರುವುದರ ಒಂದು ಉದ್ದೇಶ ನಮ್ಮ ರಾಡಾರ್ ಮತ್ತು ಅಸ್ತ್ರಗಳನ್ನು ಬಯಲಿಗೆಳೆದು ದಣಿಸುವುದು. ದಣಿಯಬಹುದಾದದ್ದು ಅಸ್ತ್ರ ಮಾತ್ರವಲ್ಲ, ಜಾಲವೂ. ಅಗ್ಗದ ಡ್ರೋನ್ ಒಂದೊಂದೂ ಜಾಲದಲ್ಲಿ ಒಂದು 'ಟ್ರ್ಯಾಕ್' ಆಗುತ್ತದೆ, ಕ್ಷಣಕ್ಷಣಕ್ಕೂ ಅದರ ಜಾಗ ಬದಲಾಗುತ್ತದೆ, ಬದಲಾದದ್ದನ್ನು ಎಲ್ಲರಿಗೂ ತಿಳಿಸಬೇಕು. ಆ ಗದ್ದಲದ ನಡುವೆ ನಿಜವಾದ ಕ್ಷಿಪಣಿ ಒಂದು ಬಂದರೆ ಅದರ ಸುದ್ದಿ ಹಿಂದೆ ಬೀಳಬಾರದು. ಅಂದು ನಮ್ಮ ವ್ಯವಸ್ಥೆ ಆ ಒತ್ತಡ ತಡೆದುಕೊಂಡಿತು ಎಂಬುದು ಸರ್ಕಾರದ ಹೇಳಿಕೆಗಳ ಸಾರ. ಒಳಗಿನ ನಿಯಮಗಳು ಸಹಜವಾಗಿಯೇ ಗುಪ್ತ, ಹಾಗಿರುವುದೇ ಸರಿ.

ನಮ್ಮದೇ ಕಹಿ ನೆನಪೂ ಒಂದಿದೆ. 2019ರ ಫೆಬ್ರುವರಿ 27, ಬಾಲಾಕೋಟ್ ದಾಳಿಯ ಮರುದಿನ. ಶ್ರೀನಗರದ ಬಳಿ ಬಡಗಾಂನಲ್ಲಿ ನಮ್ಮ ವಾಯುಪಡೆಯ ಎಂಐ-17 ಹೆಲಿಕಾಪ್ಟರ್ ನಮ್ಮದೇ ಕ್ಷಿಪಣಿಗೆ ಬಲಿಯಾಯಿತು. ಆರು ಯೋಧರು ಮತ್ತು ಕೆಳಗಿದ್ದ ಒಬ್ಬ ನಾಗರಿಕ ಸತ್ತರು. ಅದೊಂದು ದೊಡ್ಡ ತಪ್ಪು ಎಂದು ಅದೇ ಅಕ್ಟೋಬರ್‌ನಲ್ಲಿ ಆಗಿನ ವಾಯುಪಡೆ ಮುಖ್ಯಸ್ಥ ಆರ್.ಕೆ.ಎಸ್. ಭದೌರಿಯಾ ಒಪ್ಪಿಕೊಂಡರು. ಅದು ಕ್ಯೂನ ಸಮಸ್ಯೆಯಲ್ಲ, ಸಮನ್ವಯ ಮತ್ತು ಗುರುತಿಸುವಿಕೆಯ ಲೋಪ. ಆದರೂ ಅದು ನೆನಪಿಸುವುದು ಒಂದನ್ನು: 'ಅವನು ಬಂದ' ಎಂಬಷ್ಟೇ ತುರ್ತಿನದು 'ಇವನು ನಮ್ಮವನು' ಎಂಬ ಸುದ್ದಿ. ದರ್ಜೆ ಹಂಚುವಾಗ ಸೇನೆಗಳು ಸಾಮಾನ್ಯವಾಗಿ ಮೊದಲನೆಯದಕ್ಕೆ ಮಣೆ ಹಾಕುತ್ತವೆ.

ಇನ್ನು ಥಿಯೇಟರ್ ಕಮಾಂಡ್. ಮೂರೂ ಪಡೆಗಳ ಸಿಬ್ಬಂದಿಯ ಮೇಲೆ ಜಂಟಿ ಕಮಾಂಡರ್‌ಗೆ ಶಿಸ್ತಿನ ಅಧಿಕಾರ ಕೊಡುವ ಕಾನೂನು 2023ರಲ್ಲಿ ಸಂಸತ್ತಿನಲ್ಲಿ ಪಾಸಾಗಿ 2024ರ ಮೇನಲ್ಲಿ ಜಾರಿಗೆ ಬಂದಿದೆ. ಆದರೆ ಕಮಾಂಡ್‌ಗಳ ಸ್ವರೂಪದ ಬಗ್ಗೆ ಪಡೆಗಳ ನಡುವೆ ಒಮ್ಮತ ಸುಲಭವಾಗಿಲ್ಲ. 2025ರ ಆಗಸ್ಟ್‌ನಲ್ಲಿ ಮಹೂನಲ್ಲಿ ನಡೆದ 'ರಣ್ ಸಂವಾದ್'ನಲ್ಲಿ ವಾಯುಪಡೆ ಮುಖ್ಯಸ್ಥ ಎ.ಪಿ. ಸಿಂಗ್ ಅವಸರ ಬೇಡವೆಂದು ಬಹಿರಂಗವಾಗಿಯೇ ಹೇಳಿದ್ದರು. ಪತ್ರಿಕೆಗಳಲ್ಲಿ ಈ ಚರ್ಚೆ ಯಾರ ಕೈಕೆಳಗೆ ಯಾರು, ಎಷ್ಟು ಕಮಾಂಡ್, ಯಾವ ಊರಲ್ಲಿ ಎಂಬುದರ ಸುತ್ತಲೇ ತಿರುಗುತ್ತದೆ. ಜಾಲದ ಮಟ್ಟದಲ್ಲಿ ಅದೇ ಪ್ರಶ್ನೆ ಇನ್ನೂ ಹರಿತ. ಸಮುದ್ರದ ಮೇಲೆ ಹಾರುತ್ತಿರುವ ನೌಕಾಪಡೆ ವಿಮಾನದ ಜಲಾಂತರ್ಗಾಮಿ ವರದಿ, ಗಡಿಯ ಭೂಸೇನೆ ತುಕಡಿಯ ಫಿರಂಗಿ ಬೇಡಿಕೆ, ವಾಯುಪಡೆಯ ರಾಡಾರ್ ಟ್ರ್ಯಾಕ್ ಇವು ಮೂರೂ ಒಂದೇ ಉಪಗ್ರಹ ಕೊಂಡಿಯ ಮುಂದೆ ನಿಂತಾಗ, ಕೊಂಡಿಯ ಅರ್ಧ ಭಾಗವನ್ನು ಶತ್ರು ಜಾಮ್ ಮಾಡಿದ್ದಾಗ, ಯಾವುದು ಮೊದಲು? ಮೂರೂ ತಮ್ಮ ತಮ್ಮ ಪಡೆಯಲ್ಲಿ ಅತ್ಯುನ್ನತ ದರ್ಜೆಯವೇ.

ಹೆಚ್ಚು ಬ್ಯಾಂಡ್‌ವಿಡ್ತ್ ಬಂದರೆ ಈ ಪ್ರಶ್ನೆಯೇ ಏಳುವುದಿಲ್ಲ ಎನ್ನುವ ವಾದವಿದೆ. ಶಾಂತಿಕಾಲದಲ್ಲಿ ಅದು ಸರಿ. ಫೈಬರ್ ತುಂಬಾ ಇದ್ದಾಗ ಎಲ್ಲರೂ ಮೊದಲಿಗರೇ. ಆದರೆ ಯುದ್ಧದಲ್ಲಿ ಮೊದಲು ತುಂಡಾಗುವುದು ಫೈಬರ್, ಮೊದಲು ಜಾಮ್ ಆಗುವುದು ಉಪಗ್ರಹ. ಮತ್ತೆ ಅದೇ 2,400 ಬಿಟ್‌ನ ರೇಡಿಯೊಗೆ ಬಂದು ನಿಲ್ಲಬೇಕಾಗಬಹುದು. ವರ್ಷವಿಡೀ ಅಗಲ ರಸ್ತೆಯಲ್ಲಿ ಓಡಿಸಿದವರು ಅಂದು ಕಾಲುದಾರಿಯಲ್ಲಿ ಯಾರಿಗೆ ದಾರಿ ಬಿಡಬೇಕೆಂದು ಯೋಚಿಸತೊಡಗಿದರೆ ಹೊತ್ತು ಮೀರಿರುತ್ತದೆ. ಆದ್ದರಿಂದ ಸಮರಾಭ್ಯಾಸಗಳಲ್ಲಿ ಬೇಕೆಂದೇ ಜಾಲವನ್ನು ಹತ್ತನೇ ಒಂದು ಭಾಗಕ್ಕೆ ಇಳಿಸಿ, ಮೂರೂ ಪಡೆಗಳ ಅಧಿಕಾರಿಗಳಿಂದ ಜಗಳ ಮಾಡಿಸಿ, ಆ ಜಗಳದ ತೀರ್ಪನ್ನು ಬರೆದಿಡುವುದು ಒಳ್ಳೆಯದು. ಯಾವ ಅಧಿಕಾರಿ ತಿಂಗಳಿಗೆ ಎಷ್ಟು ಬಾರಿ ಅತ್ಯುನ್ನತ ಗುರುತು ಬಳಸಿದ, ಅದರಲ್ಲಿ ಎಷ್ಟು ನಿಜಕ್ಕೂ ತುರ್ತಾಗಿದ್ದವು ಎಂಬ ಲೆಕ್ಕ ಅವನ ಮೇಲಧಿಕಾರಿಯ ಮೇಜಿಗೆ ಹೋಗುವಂತಿದ್ದರೆ, ಟ್ರಂಕ್ ಕಾಲ್ ಬಿಲ್ಲಿನ ಕೆಲಸ ಅದು ಮಾಡುತ್ತದೆ.

ಕೊನೆಗೆ ಒಂದು ವಿವರ. 2025ರ ಮೇ 10ರಂದು ಕದನ ನಿಂತದ್ದು ಯಾವ ಅತ್ಯಾಧುನಿಕ ಜಾಲದ ಮೇಲೆ ಬಂದ ಸಂದೇಶದಿಂದಲೂ ಅಲ್ಲ. ಅಂದು ಮಧ್ಯಾಹ್ನ 3.35ಕ್ಕೆ ಪಾಕಿಸ್ತಾನದ ಸೇನಾ ಕಾರ್ಯಾಚರಣೆಗಳ ಮಹಾನಿರ್ದೇಶಕರು ನಮ್ಮ ಮಹಾನಿರ್ದೇಶಕರಿಗೆ ಫೋನ್ ಮಾಡಿದರು. ಸಂಜೆ 5ರಿಂದ ಗುಂಡು ನಿಲ್ಲಿಸಲು ಒಪ್ಪಿಗೆಯಾಯಿತು. ಈ ಇಬ್ಬರು ಅಧಿಕಾರಿಗಳ ನಡುವೆ ಹಾಟ್‌ಲೈನ್ ದಶಕಗಳಿಂದ ಇದೆ. ಅದು ಇನ್ಯಾರಿಗೂ ಅಲ್ಲ, ಹಾಗಾಗಿ ಅದರಲ್ಲಿ ಕ್ಯೂ ಇಲ್ಲ.